ಮುಚ್ಚಿಟ್ಟ ಕಾಯಿಲೆ, ತಿರುಗಿ ಬಂದ ಅರ್ಜಿ

ಗೋಪನಕೊಪ್ಪದ ಹುಲಿಗೆವ್ವ ಅಂದರೆ ಓಣಿಗೆಲ್ಲ ಗೊತ್ತು. ತಾರಿಹಾಳದ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷದಿಂದ ಪ್ಯಾಕಿಂಗ್ ಕೆಲಸ. ಒಂದು ದಿನವೂ ತಡವಾಗಿ ಹೋದವಳಲ್ಲ. ಅಂಥ ಗಟ್ಟಿ ಹೆಂಗಸು ಈಗ ಊಟವಾಗಿ ಗೋಡೆಗೆ ಒರಗಿದರೆ ಸಾಕು, ಗೊರಕೆ ಶುರು. ಗೊರಕೆಯಾದರೂ ಇರಲಿ, ನಡುವೆ ಉಸಿರೇ ನಿಂತುಬಿಡುತ್ತಿತ್ತು! ಗಂಡ ಲಕ್ಕಪ್ಪನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ಉಳಿಯುತ್ತಿತ್ತು. ಆಕೆ ಮತ್ತೆ ಉಸಿರೆಳೆದ ಮೇಲೆಯೇ ಅವನಿಗೆ ಜೀವ ಬರುತ್ತಿತ್ತು.

ತೂಕ ವಿಪರೀತ, ಜೊತೆಗೆ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ. ಎಂಟು ತಿಂಗಳು ಅನ್ನ ಬಿಟ್ಟಳು, ದಿನಾ ಬೆಳಿಗ್ಗೆ ಉಣಕಲ್ ಕೆರೆಯ ದಂಡೆಗೆ ನಡೆದಳು, ಡಯಟ್ ಹೇಳುವವರು ಕೊಟ್ಟ ಚೀಟಿಗಳನ್ನು ಒಂದೂ ಬಿಡದೆ ಕೂಡಿಟ್ಟಳು. ಏನಂಥ ಹಟ ಅಂತೀರಿ! ಆದರೂ ತೂಕ ಇಳಿಯಲಿಲ್ಲ. ಕೊನೆಗೆ ಡಾಕ್ಟರು, ತೂಕ ಇಳಿಸುವ ಆಪರೇಷನ್ನೇ ದಾರಿ ಎಂದರು. ಕಾರ್ಖಾನೆಯವರು ಮಾಡಿಸಿಕೊಟ್ಟ ಆರೋಗ್ಯ ವಿಮೆ ಇತ್ತು. ಅರ್ಜಿ ಹೋಯಿತು, ತಿರುಗಿಯೂ ಬಂತು: "ಚಿಕಿತ್ಸೆಯ ಅಗತ್ಯ ಕಂಡುಬಂದಿಲ್ಲ."

"ನಾ ಹೇಳಿದ್ದಿಲ್ಲೇನು? ದಪ್ಪ ಇದ್ದವರಿಗೆಲ್ಲ ವಿಮಾದವ್ರು ಎಲ್ಲಿ ಕೊಡ್ತಾರು?" ಎಂದ ಲಕ್ಕಪ್ಪ.

ಓಣಿಯ ಆಶಾ ಕಾರ್ಯಕರ್ತೆ ವಿದ್ಯಾ ಆ ಕಾಗದಗಳನ್ನು ಎರಡು ಸಲ ಓದಿದಳು. "ಕಾಕಾ, ಇದರಾಗ ಕಾಕುನ ಸಕ್ಕರಿ ರೋಗ ಬರದಿಲ್ಲಲ್ರಿ? ಉಸಿರು ನಿಂದ್ರೂದೂ ಇಲ್ಲ. ಬ್ಯಾರೆ ಕಾಯಿಲೆ ಏನೂ ಇಲ್ಲ ಅಂತ ಐತಿ. ಯಾರು ಬರಿಸಿದ್ರು?"

ಲಕ್ಕಪ್ಪ ಬಾಗಿಲ ಕಡೆ ನೋಡಿದ. "ನಾನ ಬರಿಸೇನವಾ. ಮಗಳು ಸುಕನ್ಯಾಗ ವರ ನೋಡಾಕತ್ತೇವಿ. ತಾಯಿಗೆ ಇಷ್ಟು ರೋಗ ಅದಾವು ಅಂತ ಗೊತ್ತಾದ್ರ ಬೀಗರು ಯಾರು ಬರ್ತಾರು? ರೋಗ ಇಲ್ಲಂದ್ರ ವಿಮಾದವ್ರೂ ಲಗೂನ ಕೊಡ್ತಾರಂತ ತಿಳದಿದ್ದೆ."

"ಅಯ್ಯ, ಪೂರಾ ಉಲ್ಟಾ ಮಾಡೀರಲ್ರಿ ಕಾಕಾ! ಚಂದ ಕಾಣಾಕ ಮಾಡಿಸ್ಕೊಂಡ್ರ ಅವರು ಕೊಡೂದಿಲ್ಲ, ರೋಗಕ್ಕಾದ್ರ ಕೊಡ್ತಾರು. ಎತ್ತರಕ್ಕ ತಕ್ಕ ತೂಕದ ಲೆಕ್ಕ, ಬಿಎಂಐ ಅಂತಾರಲ್ಲ, ಅದು ನಲವತ್ತರ ಮ್ಯಾಲಿರಬೇಕು. ಇಲ್ಲಾ ಮೂವತ್ತೈದರ ಮ್ಯಾಲಿದ್ದು, ಹತೋಟಿಗೆ ಬಾರದ ಸಕ್ಕರಿ, ನಿದ್ದ್ಯಾಗ ಉಸಿರು ಕಟ್ಟೂದು, ಇಂಥಾ ದೊಡ್ಡ ತ್ರಾಸ ಇರಬೇಕು. ಕಾಕುಂದು ಮೂವತ್ತೆಂಟು. ರೋಗಾನ ಮುಚ್ಚಿದ್ರ ಅವರಿಗೆ ಹ್ಯಾಂಗ ತಿಳೀಬೇಕು?"

ಅಲ್ಲೇ ಕೂತು ಕೇಳುತ್ತಿದ್ದ ಹುಲಿಗೆವ್ವ ಎದ್ದಳು. ಚೀಟಿ ಕೂಡಿಟ್ಟ ಚೀಲವನ್ನು ಹೆಗಲಿಗೇರಿಸಿದಳು. "ಮಗಳ ಮದುವ್ಯಾಗ ಅಕ್ಷತಾ ಹಾಕಾಕ ನಾ ಇರಬೇಕೋ ಬ್ಯಾಡೋ? ನಡೀರಿ ದವಾಖಾನಿಗೆ."

ಆಸ್ಪತ್ರೆಯ ವಿಮೆ ಕಿಟಕಿಯ ಮುಂದೆ ಹತ್ತು ಜನ ನಿಂತಿದ್ದರು. ಆಕೆ ಒಂಚೂರೂ ಅಳುಕಲಿಲ್ಲ. "ನನಗ ಸಕ್ಕರಿ ರೋಗ ಐತ್ರಿ, ನಿದ್ದ್ಯಾಗ ಉಸಿರು ನಿಂದರ್ತೈತ್ರಿ. ಮೊದಲ ತಪ್ಪು ಬರಿಸೇವಿ, ಈಗ ಖರೇ ಬರಕೋರಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಲಕ್ಕಪ್ಪನಿಗೆ ತನ್ನ ಬಗ್ಗೆ ನಾಚಿಕೆಯಾಯಿತು, ಹೆಂಡತಿಯ ಬಗ್ಗೆ ಎದೆಯುಬ್ಬಿ ಬಂತು. ಡಾಕ್ಟರು ಎಂಟು ತಿಂಗಳ ಚೀಟಿ, ಸಕ್ಕರೆ ವರದಿ, ನಿದ್ದೆಯಲ್ಲಿನ ಉಸಿರಿನ ಪರೀಕ್ಷೆಯ ವರದಿ ಎಲ್ಲ ಸೇರಿಸಿ, ಹಿಂದಿನ ತಪ್ಪನ್ನೂ ತಿಳಿಸಿ, ಮರುಪರಿಶೀಲನೆಗೆ ಪತ್ರ ಬರೆದರು. ಹನ್ನೆರಡನೇ ದಿನ ಒಪ್ಪಿಗೆ ಬಂತು.

ಆಪರೇಷನ್ ಆಗಿ ಈಗ ಏಳು ತಿಂಗಳು. ಮೊನ್ನೆ ಭಾನುವಾರ ಸುಕನ್ಯಾಳನ್ನು ನೋಡಲು ಬಂದವರಿಗೆ ಲಕ್ಕಪ್ಪನೇ ಎಲ್ಲವನ್ನೂ ಹೇಳಿದ. ಅವರೇನೂ ಎದ್ದು ಓಡಲಿಲ್ಲ. ಇನ್ನೊಂದು ಸಲ ಚಹಾ ಕುಡಿದು ಹೋದರು. ಆಮೇಲೆ ಅವನು ಊಟಕ್ಕೆ ಕೂತ. ಹುಲಿಗೆವ್ವ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಉಸಿರು ಒಂದೇ ಸಮನೆ ನಡೆದಿತ್ತು. ಲಕ್ಕಪ್ಪ ಮಗಳಿಂದ ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಅಕ್ಕಂದಿರೇ, ಅಣ್ಣಂದಿರೇ, ಆಪರೇಷನ್ ಬೇಕೋ ಬೇಡವೋ, ಅದನ್ನು ಡಾಕ್ಟರು ಹೇಳಲಿ. ನೀವು ಮಾತ್ರ ಕಾಯಿಲೆ ಮುಚ್ಚಬೇಡಿ. ಪಥ್ಯದ ಚೀಟಿ, ಪರೀಕ್ಷೆಯ ವರದಿ ಜೋಪಾನ ಮಾಡಿ. ಪಾಲಿಸಿ ಮಾಡಿಸಿ ಎಷ್ಟು ಕಾಲವಾದ ಮೇಲೆ ಈ ಆಪರೇಷನ್‌ಗೆ ಹಣ ಸಿಗುತ್ತದೆ ಎಂದು ಕೇಳಿ, ಆಪರೇಷನ್‌ಗೆ ಮೊದಲೇ ಒಪ್ಪಿಗೆ ಪಡೆಯಿರಿ. ಇಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಕೇಳಿ; ಕಂಪನಿಯ ದೂರು ವಿಭಾಗಕ್ಕೆ, ಅಲ್ಲೂ ಆಗದಿದ್ದರೆ ವಿಮೆಯ ದೂರುಗಳನ್ನು ತೀರ್ಮಾನಿಸುವ ಅಧಿಕಾರಿ, ಅಂದರೆ ವಿಮಾ ಓಂಬುಡ್ಸ್‌ಮನ್‌ಗೆ ಬರೆಯಿರಿ. ಹುಲಿಗೆವ್ವ ಹತ್ತು ಜನರ ಮುಂದೆ ಹೇಳಿದಳು. ನೀವು ಒಬ್ಬ ಡಾಕ್ಟರ ಮುಂದೆ ಹೇಳಲಾರಿರಾ?