ಒರಳು ಸುಮ್ಮನಾದ ಬೆಳಗು

ಹೊತ್ತು ಮೂಡುವ ಮುಂಚೆಯೇ ಪ್ಲಾಸಿದಾಳ ಮರದ ಒರಳು ಮಾತು ಶುರುಮಾಡುತ್ತಿತ್ತು. ಪರಾಗ್ವೆಯ ಆ ಇಟ್ಟಿಗೆಗೂಡುಗಳ ಊರಿನಲ್ಲಿ ಹುಂಜ ಕೂಗುವುದು ತಡವಾದರೂ ಅವಳ ಒನಕೆ ತಡವಾಗುತ್ತಿರಲಿಲ್ಲ. ಎದೆಯುರಿಗೆ ಒಂದು ಸೊಪ್ಪು, ನಿದ್ದೆಗೆ ಒಂದು, ಉರಿಮೂತ್ರಕ್ಕೆ ನೆಲನೆಲ್ಲಿ. ಅವಳು ಕುಟ್ಟಿ ಕೊಟ್ಟದ್ದನ್ನು ಐಸ್ ನೀರಿಗೆ ಹಾಕಿಕೊಂಡು ಜನ ದಿನವಿಡೀ ತೆರೆರೆ ಎಂಬ ತಣ್ಣನೆಯ ಎಲೆಪಾನಕ ಕುಡಿಯುತ್ತಿದ್ದರು. ಒನಕೆ ಎತ್ತುವ ಮೊದಲು ಅವಳು ಶಿಲುಬೆಯ ಗುರುತು ಹಾಕಿಕೊಂಡು, "ತಾಯೀ, ಕೈ ನನ್ನದು, ಗುಣ ನಿನ್ನದು" ಅನ್ನುತ್ತಿದ್ದಳು.

ಅವಳ ಗಂಡ ಎಮೆತೆರಿಯೊ ಇಟ್ಟಿಗೆ ಕೊಯ್ಯುವವನು, ಬಾಯಲ್ಲಿ ಸದಾ ಸಿಗರೇಟು. ಬಿಸಿಲೇರಿದಾಗ ಗೂಡಿನವರೆಲ್ಲ ಮಾವಿನ ಮರದಡಿ ಕೂತರೆ, ಕೊಂಬಿನ ಲೋಟ ಕೈಯಿಂದ ಕೈಗೆ ತಿರುಗುತ್ತಿತ್ತು. ಸಾಕಾದವನು ಲೋಟ ಮರಳಿಸುವಾಗ "ಉಪಕಾರ ಆಯ್ತು" ಅನ್ನಬೇಕು. ಅಂದಮೇಲೆ ಲೋಟ ಅವನ ಕಡೆ ಬಾರದು. ಎಮೆತೆರಿಯೊ ಮಾತ್ರ ಹೂಜಿಯ ತಳ ಕಾಣುವವರೆಗೂ ಆ ಮಾತಾಡುತ್ತಿರಲಿಲ್ಲ. "ಇವನಿಗೆ ಉಪಕಾರ ಸ್ಮರಣೆಯೇ ಇಲ್ಲ ಕಣ್ರೋ" ಎಂದು ಗೆಳೆಯರು ಛೇಡಿಸುತ್ತಿದ್ದರು.

ಒಂದು ಬೆಳಿಗ್ಗೆ ಅವನು ಹಿತ್ತಿಲಿನಿಂದ ಕೂಗಿದ.

"ಏ ಮುದುಕೀ, ಬಾ ಇಲ್ಲಿ. ಉಚ್ಚೆ ಕೆಂಪಗೆ ಬಂದಿದೆ ನೋಡು."

"ನೋವಿದೆಯಾ?"

"ಸಾಸಿವೆಯಷ್ಟೂ ಇಲ್ಲ."

"ನಿನ್ನೆ ಬೇಯಿಸಿದ ಬೀಟ್‌ರೂಟನ್ನೆಲ್ಲ ಒಬ್ಬನೇ ಬಳ್ಕೊಂಡು ತಿಂದ್ಯಲ್ಲ, ಅದೇ ಇರ್ಬೇಕು. ತಡಿ, ನೆಲನೆಲ್ಲಿ ಕುಟ್ತೀನಿ."

ಮಾರನೆಯ ದಿನ ನೀರು ತಿಳಿಯಾಗಿತ್ತು. ಪ್ಲಾಸಿದಾ ಸಂತೋಷದಿಂದ ಬೀದಿಗೆಲ್ಲ ಹೇಳಿಕೊಂಡು ಬಂದಳು. ಆ ನಾಡಿನ ಡಿಸೆಂಬರ್ ಸೆಕೆಯಲ್ಲಿ ಹೆಂಗಸರ ಜೊತೆ ಕಾಕುಪೆ ಊರಿನ ಇಗರ್ಜಿಯ ತಾಯಿಯ ಹಬ್ಬಕ್ಕೆ ನಡೆದುಹೋಗಿ, ಅದಕ್ಕೂ ಒಂದು ಮೇಣದಬತ್ತಿ ಹಚ್ಚಿದಳು.

ಸೆಕೆ ಕಳೆದು ತಂಪು ಬಂತು. ಒಂದು ಮಧ್ಯಾಹ್ನ ಅವಳು ಬೇಯಿಸಿದ ಮರಗೆಣಸು ಹಿಡಿದು ಮಾವಿನ ಮರದಡಿಗೆ ಹೋದಾಗ, ಎರಡನೆಯ ಸುತ್ತಿಗೇ ಎಮೆತೆರಿಯೊ ಲೋಟ ಮರಳಿಸಿ "ಉಪಕಾರ ಆಯ್ತು" ಎಂದ. ಗಂಡಸರೆಲ್ಲ ಹೋ ಎಂದು ನಕ್ಕರು. ಅವಳಿಗೆ ನಗು ಬರಲಿಲ್ಲ. ಗೆಣಸನ್ನೂ ಅವನು ಮುಟ್ಟಲಿಲ್ಲ.

ಅದೇ ವಾರ ಪ್ಲಾಸಿದಾಳ ತಂಗಿಯ ಮಗಳು ನಿಲ್ದಾ ಬಂದಳು. ಪಕ್ಕದೂರಿನ ಆರೋಗ್ಯ ಕೇಂದ್ರದಲ್ಲಿ ಅವಳು ನರ್ಸು.

"ದೊಡ್ಡಪ್ಪಾ, ಪ್ಯಾಂಟಿಗೆ ಹಗ್ಗ ಕಟ್ಕೊಂಡಿದೀಯಲ್ಲ, ಬೆಲ್ಟನ್ನ ಹಸು ತಿಂತಾ?"

"ಬೆಲ್ಟ್ ಇದೆ ಕಣಮ್ಮ. ಅದರೊಳಗೆ ಇದ್ದ ನಾನೇ ಇಲ್ಲ."

ನಿಲ್ದಾ ನಕ್ಕಳು. ಆದರೆ ಕಣ್ಣು ನಗಲಿಲ್ಲ. "ಸುಸ್ತಾಗುತ್ತಾ? ಜ್ವರ ಬಂದು ಹೋಗುತ್ತಾ? ನೋವೇನಾದ್ರೂ?"

"ಎಡಪಕ್ಕೆ ಕೆಳಗೆ, ಬೆನ್ನಿನ ಕಡೆ ಒಂದು ಮೊಂಡು ನೋವು. ಇಟ್ಟಿಗೆ ಎತ್ತೋನಿಗೆ ಬೆನ್ನು ನೋಯದೆ ಮೀಸೆ ನೋಯುತ್ತಾ?"

"ಎತ್ತೋದು ಎರಡೂ ಕೈಲಿ. ನೋವು ಒಂದೇ ಕಡೆ ಯಾಕೆ? ಮಲಗಿದ್ರೂ ಹೋಗಲ್ವಾ?"

ಅವನು ಹಗ್ಗದ ಗಂಟು ಬಿಗಿದುಕೊಂಡ.

"ಉಚ್ಚೆ ಯಾವತ್ತಾದ್ರೂ ಕೆಂಪಾಗಿತ್ತಾ?"

"ಆಗಿತ್ತು" ಎಂದು ಪ್ಲಾಸಿದಾ ಮುಂದೆ ಬಂದಳು. "ನಾನೇ ವಾಸಿ ಮಾಡ್ದೆ."

ನಿಲ್ದಾ ಅವಳ ಕೈ ಹಿಡಿದುಕೊಂಡಳು. "ದೊಡ್ಡಮ್ಮ, ಮೂತ್ರಪಿಂಡದಲ್ಲಿ ಗಡ್ಡೆ ಇದ್ರೆ ರಕ್ತ ಒಂದ್ಸಲ ಕಾಣಿಸ್ಕೊಂಡು ತಾನಾಗೇ ನಿಂತುಬಿಡಬಹುದು. ಎಷ್ಟೋ ಸಲ ನೋವೂ ಇರಲ್ಲ. ನಿಂತಿತು ಅಂದ್ರೆ ಹೋಯ್ತು ಅಂತಲ್ಲ. ಬರೀ ಕಲ್ಲಿರಬಹುದು, ಸೋಂಕಿರಬಹುದು. ಕ್ಯಾನ್ಸರೂ ಇರಬಹುದು. ಪರೀಕ್ಷೆ ಮಾಡಿಸದೆ ಹೇಗೆ ಗೊತ್ತಾಗಬೇಕು?"

"ಹಾಗಾದ್ರೆ ನನ್ನ ಸೊಪ್ಪು ಸುಳ್ಳಾ?" ಪ್ಲಾಸಿದಾಳ ದನಿ ಏರಿತು. "ನಮ್ಮಜ್ಜಿಯ ಒರಳು ಕಣೇ ಇದು!"

ಎಮೆತೆರಿಯೊ ಕಾಲ್ಬೆರಳಿನಿಂದ ಕೆಂಪು ಮಣ್ಣು ಕೆದಕುತ್ತಿದ್ದ. ಮೆಲ್ಲಗೆ ಬಾಯಿಬಿಟ್ಟ. "ನೀನು ಕಾಕುಪೆಗೆ ಹೋಗಿದ್ದಾಗ ಇನ್ನೊಂದ್ಸಲ ಬಂದಿತ್ತು. ನೋವಿಲ್ಲದ ರೋಗ ಎಂಥ ರೋಗ ಅಂತ ಹೇಳಲಿಲ್ಲ."

"ಆಮೇಲೆ?"

"ಮಾರನೇ ದಿನ ಹೋಯ್ತು."

"ಯಾರು ಕುಟ್ಟಿ ಕೊಟ್ರು?"

"ಯಾರೂ ಇಲ್ಲ. ಬರೀ ನೀರು ಕುಡ್ದಿದ್ದೆ."

ಪ್ಲಾಸಿದಾ ಒರಳಿನ ಕಡೆ ನೋಡಿದಳು. ಕರೆಯದೆ ಬಂದದ್ದು, ಮದ್ದಿಲ್ಲದೆ ಹೋಗಿತ್ತು. ತನ್ನ ಒನಕೆ ಓಡಿಸಿತೆಂದು ತಿಳಿದದ್ದು ಒಳಗೇ ಅಡಗಿ ಕೂತಿತ್ತು. ದೇವರು ಬಾಗಿಲು ತಟ್ಟಿ ಎಬ್ಬಿಸಿದ್ದಾನೆ, ನಾನು ಗಾಳಿಯೆಂದುಕೊಂಡು ಮಗ್ಗುಲು ಬದಲಿಸಿದ್ದೇನೆ ಅನ್ನಿಸಿತು ಅವಳಿಗೆ.

ಮರುದಿನ ಬೆಳಿಗ್ಗೆ ಒರಳು ಮಾತಾಡಲಿಲ್ಲ. ಎಮೆತೆರಿಯೊ ಹೂಜಿ ಹಿಡಿದು ಹೊರಗೆ ಬಂದರೆ ಒರಳು ಬೋರಲಾಗಿತ್ತು, ಅದರ ಮೇಲೆ ಹೆಂಡತಿ ಕೂತಿದ್ದಳು.

"ನೆಲನೆಲ್ಲಿ ಕುಟ್ಟೇ."

"ಕುಟ್ಟಲ್ಲ. ಇದು ನನ್ನ ಕೈ ಮೀರಿದ್ದು. ನೀನು ಆಸ್ಪತ್ರೆ ಬಸ್ ಹತ್ತೋವರೆಗೂ ಊರಿಗೇ ಸೊಪ್ಪಿಲ್ಲ."

ಬಾಗಿಲಲ್ಲಿ ಹೂಜಿ ಹಿಡಿದು ನಿಂತಿದ್ದ ನೆರೆಯವರು ಒಬ್ಬರ ಮುಖ ಒಬ್ಬರು ನೋಡಿದರು. "ಹೋಗಿ ಬಾರಯ್ಯ ಪುಣ್ಯಾತ್ಮ! ನಿನ್ನಿಂದ ನಾವೂ ಒಣಗಬೇಕಾ?" ಎನ್ನುತ್ತ ಅವರೇ ಅವನನ್ನೂ ಜೊತೆಗೆ ಹೊರಟ ಪ್ಲಾಸಿದಾಳನ್ನೂ ಬಸ್ಸಿಗೆ ಹತ್ತಿಸಿದರು.

ಆಸ್ಪತ್ರೆಯಲ್ಲಿ ಮೂತ್ರ, ರಕ್ತ ಪರೀಕ್ಷೆಯಾಯಿತು. ಹೊಟ್ಟೆಗೆ ತಣ್ಣನೆಯ ಲೇಪ ಸವರಿ ಸ್ಕ್ಯಾನ್ ಮಾಡಿದರು. ಡಾಕ್ಟರಮ್ಮ ಪರದೆಯ ಕಡೆ ಬೆರಳು ಮಾಡಿದಳು. "ನೋಡಿ ತಾಯಿ, ಇದು ಬಲಗಡೆಯ ಮೂತ್ರಪಿಂಡ."

ಪ್ಲಾಸಿದಾ ನೋಡಿದಳು. ಬೂದು ಮಬ್ಬಿನಲ್ಲಿ ಅವರೆಕಾಳಿನ ಆಕಾರದ್ದೊಂದು ಉಸಿರಿನ ಲಯಕ್ಕೆ ಮೇಲೆ ಕೆಳಗೆ ತೇಲುತ್ತಿತ್ತು. ಒಂದು ಮುಷ್ಟಿಯಷ್ಟು ದೊಡ್ಡದು. ಮೈಯ ರಕ್ತವೆಲ್ಲ ಇದರ ಬಾಗಿಲಿಗೆ ಮತ್ತೆ ಮತ್ತೆ ಬಂದು ಸೋಸಿಕೊಂಡು ಹೋಗುತ್ತದಂತೆ, ಹಗಲೂ ಇರುಳೂ, ಮಲಗಿದಾಗಲೂ. ಇಷ್ಟು ವರ್ಷ ಮಗ್ಗುಲಲ್ಲಿ ಮಲಗಿದವನೊಳಗೆ ಇಂಥದೊಂದು ಸೇವೆ ಸದ್ದಿಲ್ಲದೆ ನಡೆಯುತ್ತಿತ್ತೇ! ಇಗರ್ಜಿಯಲ್ಲಿ ಶಿಲುಬೆಯ ಗುರುತಿಗೆಂದು ಎತ್ತುವಂತೆ ಅವಳ ಕೈ ಹಣೆಗೆ ಹೋಯಿತು.

ಎಡಗಡೆಯದರ ತುದಿಯಲ್ಲಿ ಒಂದು ಗಂಟಿತ್ತು.

ಮುಂದಿನ ಪರೀಕ್ಷೆಗಳಲ್ಲಿ ಅದು ಕ್ಯಾನ್ಸರಿನಂತೆಯೇ ಕಂಡಿತು. ಬೇರೆಲ್ಲಿಗೂ ಹರಡಿದಂತೆ ಕಾಣಲಿಲ್ಲ. "ಈ ಮೂತ್ರಪಿಂಡ ತೆಗೀಬೇಕು. ಇನ್ನೊಂದು ಚೆನ್ನಾಗಿದೆ, ಇಬ್ಬರ ಕೆಲಸವನ್ನೂ ಅದೇ ಮಾಡ್ಕೊಂಡು ಹೋಗುತ್ತೆ" ಎಂದಳು ಡಾಕ್ಟರಮ್ಮ.

ಎಮೆತೆರಿಯೊ ಹೆಂಡತಿಯ ಕಡೆ ತಿರುಗಿದ. "ಕೇಳಿದ್ಯಾ? ನಮ್ಮನೇಲಿ ನೀನಿದ್ದ ಹಾಗೆ."

ಶಸ್ತ್ರಚಿಕಿತ್ಸೆ ನಡೆಯಿತು. ಇನ್ನು ಅವನು ಬಿಡದೆ ತಪಾಸಣೆಗೆ ಹೋಗಬೇಕು, ಸಿಗರೇಟು ಮುಟ್ಟಬಾರದು. ಮಾವಿನ ಮರ ಮತ್ತೆ ಹೂ ಬಿಟ್ಟಾಗ ಅವನು ಸಡಿಲ ಅಂಗಿಯಲ್ಲಿ ಅದರಡಿ ಬಂದು ಕೂತ. ಅಂದು ನೀರು ಹುಯ್ಯುವವಳು ಪ್ಲಾಸಿದಾಳೇ. ಒಂದು ಸುತ್ತಾಯಿತು. ಎರಡನೆಯ ಸುತ್ತಿನಲ್ಲಿ ಅವನು ಲೋಟ ಮರಳಿಸುವಾಗ ಅವಳು ಅವನ ಬಾಯನ್ನೇ ನೋಡಿದಳು.

ಎಮೆತೆರಿಯೊ ಆ ಮಾತಾಡಲಿಲ್ಲ. ಮೀಸೆ ಒರೆಸಿಕೊಂಡು, ತನ್ನ ಸರದಿ ಕಾಯುತ್ತ ಕೂತ.

ಉಪಕಾರದ ಮಾತನ್ನು ಪ್ಲಾಸಿದಾಳೇ ಆಡಿದಳು, ಮರದ ಮೇಲಿನ ಆಕಾಶ ನೋಡುತ್ತ.

ಓದುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮೊಳಗೂ ಆ ಇಬ್ಬರು ಸೇವಕರಿದ್ದಾರೆ. ಅವರು ಗದ್ದಲ ಮಾಡುವವರಲ್ಲ, ಎಷ್ಟೋ ಸಲ ಕಾಯಿಲೆ ಬಿದ್ದರೂ ಹೇಳುವುದಿಲ್ಲ. ಹಾಗಾಗಿ ಹೇಳಿದ ದಿನ ಕೇಳಿಸಿಕೊಳ್ಳಿ. ಮೂತ್ರದಲ್ಲಿ ಒಂದೇ ಒಂದು ಸಲ ರಕ್ತ ಕಂಡರೂ, ನೋವಿಲ್ಲದಿದ್ದರೂ, ಮರುದಿನ ತಿಳಿಯಾದರೂ ಡಾಕ್ಟರಿಗೆ ತೋರಿಸಿ. ಪಕ್ಕೆಯ ಕೆಳಗೆ ಒಂದೇ ಕಡೆ ಬಿಡದ ನೋವೋ ಗಂಟೋ ಇದ್ದರೆ, ಕಾರಣವಿಲ್ಲದೆ ಮೈ ಇಳಿದರೆ, ಊಟ ಸೇರದೆ ಸುಸ್ತಾದರೆ, ಜ್ವರ ಬಂದು ಬಂದು ಹೋದರೆ, ಆಗಲೂ ಹೋಗಿ. ಎಲ್ಲವೂ ಕ್ಯಾನ್ಸರಲ್ಲ, ಹೆದರಬೇಡಿ. ಬೀಡಿ ಸಿಗರೇಟು ಬಿಡಿ, ರಕ್ತದೊತ್ತಡ ನೋಡಿಸಿಕೊಳ್ಳಿ. ನಿಮ್ಮ ಮನೆಯಲ್ಲಿ ಯಾರಾದರೂ ಎರಡನೆಯ ತುತ್ತಿಗೇ ಸಾಕೆನ್ನುತ್ತಿದ್ದರೆ ನಕ್ಕು ಸುಮ್ಮನಾಗಬೇಡಿ. ಕೈಹಿಡಿದು ಕರೆದುಕೊಂಡು ಹೋಗಿ.