ಎಂಟನೆಯ ತುಂಡು

ಈ ಕೆಲಸಕ್ಕೆ ಸೇರುವ ಮುಂಚೆ ಅವರು ಹನ್ನೊಂದು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟಿದ್ದರು. ಹಾಗಾಗಿ ಆಫೀಸಿನಲ್ಲಿ ಎಲ್ಲರಿಗೂ ಅವರು ಮೇಷ್ಟ್ರು. ಬೀಗದ ಅಂಗಡಿಯ ಮೇಲಿನ ಮಹಡಿಯಲ್ಲಿ ನಾಲ್ಕು ಮೇಜು, ಗೋಡೆಯ ಮೇಲೊಂದು ಪರದೆ. ಮನೆಗೆಲಸದ ಸಲಹೆ ಕೊಡುವ ಅವರ ವೆಬ್‌ಸೈಟಿಗೆ ಆ ಕ್ಷಣ ಎಷ್ಟು ಜನ ಬಂದಿದ್ದಾರೆ ಎಂಬ ಅಂಕಿ ಅದರಲ್ಲಿ ಏರಿಳಿಯುತ್ತಿತ್ತು.

ಬರುವವರು ಕಡಿಮೆಯಾದಾಗ ಸಂಪಾದಕಿ ಹಳೆಯ ಲೇಖನಗಳ ಗಂಟು ಬಿಚ್ಚಿದಳು. "ದುಪ್ಪಟಿ ಹರಿದು ಕರ್ಚೀಫ್ ಮಾಡಿ ಮೇಷ್ಟ್ರೇ. ಒಂದು ಲೇಖನ, ಹತ್ತು ತುಂಡು. ಒಂದೊಂದೂ ಅರವತ್ತು ಪದ, ಅಷ್ಟೆ."

ಮೇಷ್ಟ್ರು ಸ್ನಾನದಮನೆ ತೊಳೆಯುವ ಬಗ್ಗೆ ತಾವೇ ಬರೆದಿದ್ದ ಉದ್ದನೆಯ ಲೇಖನ ತೆಗೆದುಕೊಂಡರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕತ್ತರಿಸಿದರು. ಮೂರನೆಯ ತುಂಡು: ಹಳದಿ ಕಲೆಗೆ ಆ್ಯಸಿಡ್. ಐದನೆಯದು: ವಾಸನೆಗೆ ಬ್ಲೀಚ್. ಎಂಟನೆಯದು: ಇವೆರಡನ್ನೂ ಎಂದೂ ಒಟ್ಟಿಗೆ ಹಾಕಬೇಡಿ, ಹುಟ್ಟುವ ಗಾಳಿ ಶ್ವಾಸಕೋಶ ಸುಡುತ್ತದೆ.

ಶುಕ್ರವಾರದ ಪದ್ಧತಿಯೊಂದಿತ್ತು. ಆ ವಾರ ಅತಿ ಕಡಿಮೆ ಜನ ತೆರೆದ ತುಂಡನ್ನು ಅದನ್ನು ಮಾಡಿದವರೇ ಅಳಿಸಬೇಕು. ಮೂರನೆಯದನ್ನು ನಲವತ್ತು ಸಾವಿರ ಜನ ಓದಿದ್ದರು. ಎಂಟನೆಯದನ್ನು ತೊಂಬತ್ತೊಂದು.

"ಇದನ್ನ ಇಟ್ಟುಕೊಳ್ಳೋಣ," ಎಂದರು ಮೇಷ್ಟ್ರು.

"'ಬೇಡ' ಅಂತ ಶುರುವಾದ್ರೆ ಯಾರು ಓದ್ತಾರೆ? ನೀವು ಪಾಠ ಮಾಡುವಾಗ ಹಿಂದಿನ ಬೆಂಚು ಕೇಳ್ತಿತ್ತಾ?" ಎಂದಳು ಸಂಪಾದಕಿ.

ಎಲ್ಲರೂ ನಕ್ಕರು, ಮೇಷ್ಟ್ರೂ ನಕ್ಕರು. ಮೂಲ ಲೇಖನದಲ್ಲಿ ಎಚ್ಚರಿಕೆ ಇದ್ದೇ ಇದೆಯಲ್ಲ ಎಂದು ಸಮಾಧಾನ ಹೇಳಿಕೊಂಡು ಕೈಯಾರೆ ಅಳಿಸಿದರು. ಮೂಲ ಲೇಖನವನ್ನು ಹುಡುಕಿ ಓದುವವರು ಯಾರೂ ಇಲ್ಲವೆಂಬುದು ಅವರಿಗೆ ಗೊತ್ತಿತ್ತು. ಇದ್ದಿದ್ದರೆ ಅದನ್ನು ಹರಿಯಬೇಕಾಗಿಯೇ ಇರಲಿಲ್ಲ.

ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಭಾವನ ಫೋನ್ ಬಂತು. "ನಿಮ್ಮಕ್ಕ ಸ್ನಾನದಮನೇಲಿ ಬಿದ್ದಿದ್ದಳು. ಉಸಿರಾಡೋಕೆ ಆಗ್ತಿಲ್ಲ. ಬೇಗ ಬಾ."

ಆಸ್ಪತ್ರೆಯಲ್ಲಿ ಅಕ್ಕನ ಮೂಗು ಬಾಯಿ ಮುಚ್ಚಿ ಆಮ್ಲಜನಕದ ಮುಖವಾಡ. ಶ್ವಾಸಕೋಶ ಎಷ್ಟು ಸುಟ್ಟಿದೆಯೋ ನೋಡಬೇಕು, ಈಗಲೇ ಏನೂ ಹೇಳಲಾಗದು ಎಂದಿದ್ದರು ಡಾಕ್ಟರು. ತಮ್ಮನನ್ನು ಕಂಡು ಅದನ್ನು ಪಕ್ಕಕ್ಕೆ ಸರಿಸಿದಳು.

"ನೀನು ಬರೆದದ್ದಲ್ವೇನೋ, ಅದಕ್ಕೇ ಧೈರ್ಯವಾಗಿ ಮಾಡಿದೆ. ಕಲೆಗೆ ಅದು, ವಾಸನೆಗೆ ಇದು. ಎರಡನ್ನೂ ಒಟ್ಟಿಗೇ ಸುರಿದೆ. ಬಾಗಿಲು ಬೇರೆ ಹಾಕಿಕೊಂಡಿದ್ದೆ."

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನೊಬ್ಬ, ಉಂಡವಳೊಬ್ಬಳು.

"ಬೆರೆಸಬಾರದು ಅಂತ ಒಂದು ತುಂಡು ಇತ್ತು ಅಕ್ಕ," ಎಂದರು ಮೇಷ್ಟ್ರು, ಮಂಚದ ಕಬ್ಬಿಣ ಹಿಡಿದುಕೊಂಡು. "ಯಾರೂ ಓದ್ತಿರಲಿಲ್ಲ. ನಾನೇ ತೆಗೆದೆ."

ಅಕ್ಕ ಬಹಳ ಹೊತ್ತು ಕೆಮ್ಮಿದಳು. ಆಮೇಲೆ ಕೇಳಿದಳು: "ಮಿಕ್ಕದ್ದನ್ನ ಎಷ್ಟು ಜನ ಓದಿದಾರೆ?"

"ನಲವತ್ತು ಸಾವಿರದ ಮೇಲೆ."

"ಮತ್ತೆ ಇಲ್ಲಿ ಯಾಕೆ ಕೂತಿದ್ದೀಯ? ಎದ್ದು ಹೋಗು."

ಹೊರಗಿನ ಬೆಂಚಿನಲ್ಲಿ ಕೂತು ಮೇಷ್ಟ್ರು ಫೋನಿನಲ್ಲೇ ಎಂಟನೆಯ ತುಂಡನ್ನು ಮತ್ತೆ ಬರೆದು ಎಲ್ಲಕ್ಕಿಂತ ಮೇಲೆ ಹಾಕಿದರು. ಹತ್ತು ನಿಮಿಷಕ್ಕೆ ಸಂಪಾದಕಿಯ ಕರೆ.

"ಇದೇನು ಮೇಷ್ಟ್ರೇ, ಮತ್ತೆ ಬೇಡ, ಬಾರದು? ಬಂದ ಜನ ಹಾಗೇ ವಾಪಸ್ ಹೋಗ್ತಿದಾರೆ."

ಮೇಷ್ಟ್ರು ನಡೆದದ್ದು ಹೇಳಿದರು.

"ಅಯ್ಯೋ. ಹೇಗಿದಾರೆ ಈಗ?" ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ತಪ್ಪು ತಿಳೀಬೇಡಿ. ಅದನ್ನೇ ಬರೀರಿ. ಸ್ವಂತ ಅಕ್ಕನಿಗೆ ಹೀಗಾಯ್ತು ಅಂದ್ರೆ ಓದ್ತಾರೆ."

ಬೈಯಬೇಕೆಂದುಕೊಂಡವರು ಕರೆ ಮುಗಿಸಿದರು. ಅವಳು ಹೇಳಿದ್ದು ನಿಜವಾಗಿತ್ತು. ಎಚ್ಚರಿಕೆಯನ್ನು ಓದಿದವರು ತೊಂಬತ್ತೊಂದು ಜನ. ಅಕ್ಕನನ್ನು ಸಾವಿರಾರು ಜನ ಓದುತ್ತಾರೆ.

ಬರೆಯತೊಡಗಿದರು. ಹಾಕಿಕೊಂಡ ಬಾಗಿಲು, ಎರಡು ಬಾಟಲಿ, ತಮ್ಮನ ಮೇಲಿನ ನಂಬಿಕೆ. ಒಳಗಿನಿಂದ ಕೆಮ್ಮು ಕೇಳಿಸುತ್ತಿತ್ತು. ಪ್ರತಿ ಕೆಮ್ಮಿಗೂ ಬೆರಳು ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಅಭ್ಯಾಸಬಲದಿಂದ ಪದ ಎಣಿಸಿದರು. ಐವತ್ತನಾಲ್ಕು.

ಇನ್ನು ಆರು ಪದಕ್ಕೆ ಜಾಗವಿತ್ತು. ಅಕ್ಕ ಉಳಿದಳೋ ಇಲ್ಲವೋ ಎಂಬುದನ್ನು ಬರೆಯಲು ಅಷ್ಟು ಸಾಕಾಗಿತ್ತು. ಮೇಷ್ಟ್ರು ಫೋನ್ ಹಿಡಿದುಕೊಂಡು, ಡಾಕ್ಟರು ಬರುವ ಬಾಗಿಲನ್ನೇ ನೋಡುತ್ತ ಕೂತರು.