ಕೊನೆಯ ಹಸು ದಾಟುವವರೆಗೆ

ಕಸಿಲ್ದ ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿ, ಮಡಿಕೆಗಳು ಮತ್ತೆ ಏಳದಂತೆ ನಾಲ್ಕು ಮೂಲೆಗೂ ಭಾರ ಇಟ್ಟಳು: ಎರಡು ಕಾಫಿ ಲೋಟ, ಉಪ್ಪಿನ ಡಬ್ಬಿ, ತನ್ನ ಕನ್ನಡಕದ ಪೆಟ್ಟಿಗೆ. ಮೇ ತಿಂಗಳ ಮಧ್ಯಾಹ್ನ ನಾಲ್ಕಕ್ಕೆ ರಮೀರೊನ ಬಾರಿನಲ್ಲಿ ಊಟದವರೆಲ್ಲ ಎದ್ದು ಹೋಗಿರುತ್ತಾರೆ. ಹತ್ತೊಂಬತ್ತು ವರ್ಷಗಳಿಂದ ಸ್ಪೇನಿನ ಗ್ರೇದೋಸ್ ಬೆಟ್ಟಗಳ ಸೈಕಲ್ ಸವಾರಿಗೆ ಅವಳು, ರಮೀರೊ, ಬಸೀಲಿಯೊ ಮೂವರೂ ಯೋಜನೆ ಹಾಕುತ್ತ ಬಂದದ್ದು ಇದೇ ಹೊತ್ತಿನಲ್ಲಿ, ಕಿಟಕಿ ಪಕ್ಕದ ಇದೇ ಮೇಜಿನ ಮೇಲೆ.

ಲೆಕ್ಕಾಚಾರ ಯಾವಾಗಲೂ ಕಸಿಲ್ದಳದ್ದೇ. ಊರಿನ ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವ ಅವಳಿಗೆ ಅಂದಾಜಿನ ಮಾತು ಒಗ್ಗುವುದಿಲ್ಲ. ಎಲ್ಲಿ ಎಷ್ಟು ಏರು, ಎಲ್ಲಿ ನೀರು, ಎಲ್ಲಿ ಗಾಲಿ ಜಾರುವ ಸಡಿಲ ಕಲ್ಲು, ಎಲ್ಲವೂ ಒಂದು ಹಾಳೆಯಲ್ಲಿ ಇರಬೇಕು.

"ಬಸೀಲಿಯೊ ಸೈಕಲ್ ಫೋಟೋ ತೆಗ್ದಿದಾನೆ ಮಾರಾಯ್ತಿ," ಎಂದ ರಮೀರೊ, ಲೋಟ ಒರೆಸುತ್ತ. "ತೊಳ್ದು, ಗೋಡೆಗೆ ಒರಗ್ಸಿ, ಮೂರು ಕಡೆಯಿಂದ. ಮಾರೋಕಲ್ದೆ ಇನ್ಯಾಕೆ ಅವನು ಸೈಕಲ್ ತೊಳೀತಾನೆ?"

ಕಸಿಲ್ದ ಪೆನ್ಸಿಲ್ ಕೈಗೆತ್ತಿಕೊಂಡಳು. ಬಡಗಿ ಬಸೀಲಿಯೊಗೆ ಅರವತ್ತೊಂದು. ಜನವರಿಯಲ್ಲಿ ಬಲಮಂಡಿಯ ಶಸ್ತ್ರಚಿಕಿತ್ಸೆಯಾಗಿತ್ತು. ಸೈಕಲ್ ತುಳಿಯಬಹುದೆಂದು ವೈದ್ಯರೇ ಹೇಳಿದ್ದರು. ಏಪ್ರಿಲ್‌ನಲ್ಲಿ ಮೂವರೂ ಪೈನ್ ಕಾಡಿನ ಕಡೆ ಒಂದು ಸಣ್ಣ ಸುತ್ತಿಗೆ ಹೋಗಿದ್ದರು. ಅವಳೂ ರಮೀರೊನೂ ಮೂರು ತಿರುವಿನಲ್ಲಿ ನಿಂತು ಅವನಿಗಾಗಿ ಕಾದರು. ಮೂರನೆಯ ತಿರುವಿಗೆ ಬಂದವನು ಇಬ್ಬರ ಮುಖವನ್ನೂ ನೋಡಿ, ಸೈಕಲ್ ತಿರುಗಿಸಿಕೊಂಡು ಮನೆಗೆ ಹೋಗಿಬಿಟ್ಟ. ಅಂದಿನಿಂದ ಸವಾರಿಯ ಸುದ್ದಿ ಎತ್ತಿದರೆ "ನೋಡೋಣ" ಅನ್ನುತ್ತಿದ್ದ. ಈ ವರ್ಷ ಅವನು ಬರದಿದ್ದರೆ ಮುಂದೆಂದೂ ಬರುವುದಿಲ್ಲವೆಂದು ಕಸಿಲ್ದಳಿಗೆ ಖಾತ್ರಿಯಾಗಿತ್ತು.

ಅದಕ್ಕೇ ಈ ಸಲದ ಹಾಳೆಯನ್ನು ಅವಳು ಆರು ಸಲ ತಿದ್ದಿದ್ದಳು. ಪ್ರತಿ ವರ್ಷ ಜೂನ್ ಮೊದಲ ಶನಿವಾರ ಹೊರಡುತ್ತಿದ್ದವರು ಈ ವರ್ಷ ಮೂರನೆಯ ಶನಿವಾರ ಹೊರಡುವುದು. ಮಂಡಿಗೆ ಇನ್ನೆರಡು ವಾರ ಸಿಗಲಿ ಎಂದು. ಕಾಡುದಾರಿಯ ಹನ್ನೆರಡು ಕಿಲೋಮೀಟರಿನ ಏರು ಪೂರ್ತಿ ಬಿಟ್ಟು, ವ್ಯಾನಿನಲ್ಲಿ ಘಟ್ಟದ ನೆತ್ತಿಗೆ ಹೋಗಿ, ಅಲ್ಲಿಂದ ಹಳೆಯ ರೋಮನ್ ಕಲ್ಲುದಾರಿಯಲ್ಲಿ ಇಳಿಯುವುದು.

ಬಾಗಿಲು ಸದ್ದಾಯಿತು. ಬಸೀಲಿಯೊ ಅಂಗಿಯ ಮೇಲಿನ ಮರದ ಹೊಟ್ಟು ಕೊಡವಿಕೊಳ್ಳುತ್ತ ಬಂದು ಕುರ್ಚಿ ಎಳೆದುಕೊಂಡ. ಹಾಳೆಯನ್ನು ದೂರ ಹಿಡಿದು ಓದಿದ.

"ವ್ಯಾನ್ ಯಾಕೆ?"

"ಈ ಸಲ ಇಳಿಯೋದಕ್ಕೆ ಹೆಚ್ಚು ಹೊತ್ತು ಸಿಗ್ಲಿ ಅಂತ," ಎಂದಳು ಕಸಿಲ್ದ. ಸುಳ್ಳು ಹೇಳುವಾಗ ಅವಳ ಕಿವಿ ಕೆಂಪಾಗುತ್ತದೆ. ಅದು ಮೂವರಿಗೂ ಗೊತ್ತು.

"ಹತ್ತೊಂಬತ್ತು ವರ್ಷ 'ಹತ್ತದೆ ಇಳಿಯೋನು ಸವಾರ ಅಲ್ಲ, ಸಾಮಾನು' ಅಂತ ನಮ್ಮ ತಲೆ ತಿಂದೋಳು ನೀನೇ ಅಲ್ವೇನೆ? ಈಗ ನನ್ನ ಸಿಮೆಂಟ್ ಮೂಟೆ ಥರ ವ್ಯಾನಲ್ಲಿ ಹೇರ್ಕೊಂಡು ಹೋಗ್ತೀಯಾ?"

"ನಿನಗೋಸ್ಕರ ಅಂತ ಯಾರಂದ್ರು?"

"ನಿನ್ನ ಕಿವಿ ಅಂತಿದೆ."

ರಮೀರೊ ಮಧ್ಯೆ ಒಂದು ತಟ್ಟೆ ತಂದಿಟ್ಟ. ಕೆಂಪು ಮೆಣಸಿನಪುಡಿ ಕಲಸಿ ಹಿಸುಕಿದ ಆಲೂಗಡ್ಡೆ, ಮೇಲೆ ಗರಿಗರಿ ಕರಿದ ಹಂದಿಮಾಂಸದ ತುಂಡುಗಳು. "ಜಗಳ ಆಡೋರು ತಿಂದು ಆಡಿ. ಖಾಲಿ ಹೊಟ್ಟೇಲಿ ಆಡಿದ್ರೆ ನನಗೆ ವ್ಯಾಪಾರ ಇಲ್ಲ."

ಯಾರೂ ತಟ್ಟೆಗೆ ಕೈ ಹಾಕಲಿಲ್ಲ. ಬಸೀಲಿಯೊ ಹಾಳೆಯನ್ನು ಮೇಜಿಗಿಟ್ಟು ಎದ್ದೇಬಿಟ್ಟ. ನಿಂತವನ ಕಣ್ಣು ಹಾಳೆಯ ತಲೆಯ ಮೇಲಿದ್ದ ತಾರೀಖಿಗೆ ಬಿತ್ತು.

"ಮೂರನೇ ಶನಿವಾರ? ಬೆಳಿಗ್ಗೆ ಒಂಬತ್ತಕ್ಕೆ ಕಲ್ಲುದಾರೀಲಿ ಇಳಿಯೋದು?"

"ಹೂಂ. ಮಳೆ ಬರೋ ಸಾಧ್ಯತೆ ಕಮ್ಮಿ. ಬೆಳಕೂ ಜಾಸ್ತಿ."

"ಬೆಳಕಿರುತ್ತೆ. ಮುನ್ನೂರು ಹಸುನೂ ಇರುತ್ತವೆ."

ಕಸಿಲ್ದ ಪೆನ್ಸಿಲ್ ಕೆಳಗಿಟ್ಟಳು. ಜೂನ್ ನಡುವಿನಲ್ಲಿ ಎಸ್ತ್ರೆಮದೂರದ ಬಯಲಿನಿಂದ ಕರಿ ಹಸುಗಳು ಬೇಸಿಗೆಯ ಹುಲ್ಲಿಗಾಗಿ ಘಟ್ಟ ಹತ್ತುತ್ತವೆ, ಅದೂ ಅದೇ ಕಲ್ಲುದಾರಿಯಲ್ಲಿ. ಕೊನೆಯ ಹಸು ನೆತ್ತಿ ದಾಟುವವರೆಗೆ ಆ ದಾರಿಯಲ್ಲಿ ಯಾರೂ ಸೈಕಲ್ ಇಳಿಸುವುದಿಲ್ಲ. ಊರಲ್ಲಿ ನಡೆಯಲು ಕಲಿತ ಮಗುವಿಗೂ ಗೊತ್ತಿರುವ ಮಾತು. ಮೊದಲ ಶನಿವಾರವೇ ಹೊರಡುತ್ತಿದ್ದುದರಿಂದ ಹತ್ತೊಂಬತ್ತು ವರ್ಷವೂ ಹಸುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಪ್ರಮೇಯ ಅವಳಿಗೆ ಬಂದಿರಲಿಲ್ಲ.

"ಮೇಷ್ಟ್ರಮ್ಮ ಫೇಲು!" ಎಂದ ರಮೀರೊ, ಖುಷಿಯಿಂದ ತಾನೇ ಒಂದು ಮಾಂಸದ ತುಂಡು ಬಾಯಿಗೆ ಹಾಕಿಕೊಂಡು.

"ತಾರೀಖು ಬದಲಾಯಿಸ್ತೀನಿ," ಎಂದಳು ಕಸಿಲ್ದ ಸಣ್ಣ ದನಿಯಲ್ಲಿ.

ಬಸೀಲಿಯೊ ನಕ್ಷೆಯ ಮೇಲೆ ಬಾಗಿದ. ಅವನ ಅಪ್ಪ ಮೂವತ್ತು ವರ್ಷ ಆ ಹಿಂಡುಗಳ ಮುಂದಾಳಾಗಿದ್ದವನು. ಬಡಗಿಯ ದಪ್ಪ ಬೆರಳು ಕಲ್ಲುದಾರಿಯ ಬುಡದಿಂದ ನೆತ್ತಿಯವರೆಗೆ ನಿಧಾನವಾಗಿ ಹರಿಯಿತು.

"ಹಿಂಡು ಬುಡ ಬಿಡೋದು ಎಂಟಕ್ಕೆ. ಮುಂದೆ ನಡಿಯೋ, ಕೊರಳಿಗೆ ಗಂಟೆ ಕಟ್ಟಿದ ಹಸು ಮೇಲೆ ಮುಟ್ಟೋದು ಹತ್ತಕ್ಕೆ. ಹಿಂದೆ ಎಳೆಗರುಗಳು, ಅವುಗಳ ತಾಯಂದಿರು. ಕೊನೇದು ಯಾವಾಗ್ಲೂ ಒಂದು ಕುಂಟು ಹಸು. ಅದನ್ನ ಯಾರೂ ಅವಸರ ಮಾಡಿಸೋದಿಲ್ಲ. ಹನ್ನೊಂದು ಆಗುತ್ತೆ." ಬೆರಳು ಪಕ್ಕದ ಕಾಡುದಾರಿಗೆ ಸರಿಯಿತು. "ನೀವಿಬ್ರೂ ಏಳಕ್ಕೆ ಹೊರಟ್ರೆ ಕಾಡುದಾರೀಲಿ ಎಷ್ಟೊತ್ತಿಗೆ ಮೇಲಿರ್ತೀರಿ?"

"ಒಂಬತ್ತಕ್ಕೆ."

"ಸರಿ, ಅಲ್ಲಿ ಕೂತ್ಕೊಂಡು ಹಸುಗಳಿಗೆ ಕಾಯಿರಿ. ನಂಗೆ ನಾಲ್ಕು ಗಂಟೆ ಬೇಕು. ನಾನೂ ಏಳಕ್ಕೇ ಹೊರಟು, ಸೀಟಿಂದ ಏಳದೆ, ಹಗುರ ಗೇರಲ್ಲಿ. ಆ ಕೊನೇ ಹಸು, ನಾನು, ಒಟ್ಟಿಗೇ ಬರ್ತೀವಿ."

"ಹಸು ಮೊದಲು ಬಂದ್ರೆ?" ಎಂದ ರಮೀರೊ.

"ಅದಕ್ಕೊಂದು ಕಾಫಿ ಕೊಡ್ಸೋ."

ಕಸಿಲ್ದ ನಗಲಿಲ್ಲ. "ಇಳಿಯೋದು?" ಎಂದು ಕೇಳಿದಳು.

"ನಾನು ಡಾಂಬರು ರಸ್ತೇಲಿ ಇಳೀತೀನಿ. ಕಲ್ಲಿನ ಮೇಲೆ ಪೆಡಲ್ ಮೇಲೆ ನಿಂತು ಕುಲುಕಾಡಿದ್ರೆ ಈ ಮಂಡಿ ಕೈಗೆ ಬರುತ್ತೆ. ಡಾಕ್ಟ್ರು ಬೇಡ ಅಂದಿದ್ದು ಇಳಿಯೋದನ್ನ ಕಣೆ, ಹತ್ತೋದನ್ನಲ್ಲ. ನೀನು ಕೇಳಿದ್ಯಾ?"

ಅವಳು ಕೇಳಿರಲಿಲ್ಲ. ಏರಿನ ಮೀಟರುಗಳನ್ನೆಲ್ಲ ಎಣಿಸಿದವಳು ಮಂಡಿಯ ಯಜಮಾನನನ್ನು ಒಂದು ಮಾತು ಕೇಳದೆ, ಅವನಿಗೆ ಆಗುವುದನ್ನು ಕಿತ್ತುಕೊಂಡು ಆಗದ್ದನ್ನೇ ಕೊಟ್ಟಿದ್ದಳು. "ತಪ್ಪಾಯ್ತು," ಎಂದಳು. ಈ ಸಲ ಕಿವಿ ಕೆಂಪಾಗಲಿಲ್ಲ.

ರಬ್ಬರಿನಿಂದ 'ವ್ಯಾನ್' ಎಂಬುದನ್ನು ಅಳಿಸಿ, ಹನ್ನೊಂದು ಗಂಟೆಯ ಎದುರು 'ಕೊನೆಯ ಹಸು' ಎಂದು ಬರೆದಳು. ಬಸೀಲಿಯೊ ಮತ್ತೆ ಕುರ್ಚಿಗೆ ಕುಳಿತು ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ.

"ಬೇಕಾದ ಸಾಮಾನಿನ ಪಟ್ಟೀಲಿ ಒಂದು ಸೇರ್ಸು," ಎಂದ ಬಾಯಿ ತುಂಬಿಕೊಂಡು. "ಹಿಂದಿನ ಗಾಲಿಗೆ ಹೊಸ ಹಲ್ಲುಚಕ್ರ, ಏರಲ್ಲಿ ತುಳಿಯೋಕೆ ಹಗುರಾಗೋ ಅಂಥದ್ದು. ಐವತ್ತೊಂದು ಹಲ್ಲಿಂದು."

"ಈ ತಟ್ಟೆಯಷ್ಟು ದೊಡ್ಡದಿರುತ್ತಲ್ಲೋ ಅದು!" ಎಂದ ರಮೀರೊ.

"ಇರ್ಲಿ."

ಕಸಿಲ್ದ ಮಾರಾಟದ ಫೋಟೋಗಳ ಮಾತೆತ್ತಲಿಲ್ಲ. 'ಐವತ್ತೊಂದು' ಎಂದು ಬರೆದು, ಅದರ ಕೆಳಗೆ ಗೆರೆ ಎಳೆದಳು.